ಪಾಯಿಂಟ್ 457ರ ಗಾಳಿಕೋವಿ: ಎರಡು ವರ್ಷದ ಪರೀಕ್ಷೆ ಮತ್ತು ಮೂರನೆಯ ಈಡಿನ ಸಮಸ್ಯೆ

ಮೆಸ್ಕೀಟ್ ಮರಸು (ಸ್ಯಾನ್ ಆಂಟೋನಿಯೊ, ಟೆಕ್ಸಸ್):

ಎರಡು ವರ್ಷದ ಹಿಂದೆ ಪಾಯಿಂಟ್ 457 ಅಳತೆಯ, ಅಂದರೆ ನಳಿಗೆಯ ಬಾಯಿ ಹೆಚ್ಚುಕಡಿಮೆ ಹನ್ನೊಂದೂವರೆ ಮಿಲಿಮೀಟರ್ ಇರುವ ಗಾಳಿಕೋವಿಯೊಂದನ್ನು ಕೊಂಡೆ. ಜಾತ್ರೆಯಲ್ಲಿ ಬಲೂನು ಹೊಡೆಯುವ ಕೋವಿಯನ್ನಷ್ಟೇ ಕಂಡವರಿಗೆ ಇದರ ಕಲ್ಪನೆ ಬರುವುದು ಕಷ್ಟವಾದ್ದರಿಂದ ಮೊದಲೇ ವಿವರಿಸಿಬಿಡುತ್ತೇನೆ. ಇದರಲ್ಲಿ ಸ್ಪ್ರಿಂಗು ಗಾಳಿಯನ್ನು ತಳ್ಳುವ ಏರ್ಪಾಡಿಲ್ಲ. ಕೋವಿಯ ಹಿಂಬದಿಯ ಹಿಡಿಯೇ ಅರ್ಧ ಲೀಟರಿನಷ್ಟು ಜಾಗವಿರುವ ಅಲ್ಯೂಮಿನಿಯಂ ಸಿಲಿಂಡರ್. ಅದಕ್ಕೆ 3000 ಪಿಎಸ್‌ಐ ಒತ್ತಡದವರೆಗೆ, ಅಂದರೆ ಕಾರಿನ ಚಕ್ರದಲ್ಲಿರುವುದರ ಸುಮಾರು ತೊಂಬತ್ತು ಪಟ್ಟು, ಗಾಳಿ ತುಂಬಬೇಕು. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಒಳಗಿನ ಸುತ್ತಿಗೆ ಕವಾಟವನ್ನು ಬಡಿದು ತೆರೆಯುತ್ತದೆ, ಆ ಕ್ಷಣದಲ್ಲಿ ನುಗ್ಗಿದ ಗಾಳಿ 350 ಗ್ರೇನ್, ಅಂದರೆ ಸುಮಾರು 23 ಗ್ರಾಂ ತೂಕದ ಸೀಸದ ಗುಂಡನ್ನು ಹೊರಕ್ಕೆ ದಬ್ಬುತ್ತದೆ.

ಕೊಳ್ಳುವಾಗ ನನ್ನ ತಲೆಯಲ್ಲಿದ್ದದ್ದು ಡಬ್ಬಿಯ ಮೇಲೆ ಅಚ್ಚಾಗಿದ್ದ ಗರಿಷ್ಠ ಶಕ್ತಿಯ ಅಂಕಿ ಮಾತ್ರ. ಎರಡು ವರ್ಷ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫಿನ ಮುಂದೆ ಕುಳಿತ ಮೇಲೆ, ಬೇಟೆಗಾರನಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವುದು ಅದೇ ಅಂಕಿ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಸುತ್ತಿಗೆಯ ಸ್ಪ್ರಿಂಗನ್ನು ಪೂರ್ತಿ ಬಿಗಿಗೊಳಿಸಿ 3000 ಪಿಎಸ್‌ಐ ತುಂಬಿದಾಗ ಸೆಕೆಂಡಿಗೆ ಎಷ್ಟು ಅಡಿ ವೇಗ ಬಂತೆಂಬುದು ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: ಮೊದಲನೆಯ ಈಡು 748, ಎರಡನೆಯದು 715, ಮೂರನೆಯದು 676, ನಾಲ್ಕನೆಯದು 640. ಅದೇ ಗುಂಡು, ಅದೇ ತುಂಬು ಒತ್ತಡ, ಆದರೆ ಸುತ್ತಿಗೆಯ ಬಿಗಿಯನ್ನು ಸುಮಾರು ಕಾಲು ಭಾಗ ಸಡಿಲಿಸಿದಾಗ 724, 728, 709, ಆಮೇಲೆ 680. ಮೊದಲ ಈಡಿನಲ್ಲಿ ಇಪ್ಪತ್ತನಾಲ್ಕು ಅಡಿ ಕಳೆದುಕೊಂಡೆ, ಅದಕ್ಕೆ ಬದಲಾಗಿ ಒಂದೇ ಜಾಗಕ್ಕೆ ಹೋಗುವ ಎರಡು ಈಡುಗಳು ಸಿಕ್ಕವು. ಇಂಥ ಕೋವಿ ಇಟ್ಟುಕೊಂಡವರು ಇಲ್ಲಿ ಯಾರಾದರೂ ಇದ್ದರೆ ತಮ್ಮ ಅಂಕಿಗಳನ್ನೂ ಬರೆಯಬೇಕೆಂದು ಕೋರುತ್ತೇನೆ.

ಅಡಿಕೆ ನೆರಳು (ತೀರ್ಥಹಳ್ಳಿ):

ಕುತೂಹಲಕರವಾದ ಬರಹ. ನಮ್ಮ ಅಜ್ಜನ ಕಾಲದ ಕೇಪಿನ ಕೋವಿಯಲ್ಲಿ ಮದ್ದು ಎಷ್ಟು ಬಿತ್ತು, ಅದನ್ನು ಜಡಿಯುವ ಗಜದ ಕೋಲಿನಿಂದ ಎಷ್ಟು ಸಲ ಹೊಡೆದರು ಎಂಬುದರ ಮೇಲೆ ಪ್ರತಿ ಈಡೂ ಬೇರೆಬೇರೆಯಾಗಿ ಹೋಗುತ್ತಿತ್ತೆಂದು ಹೇಳುತ್ತಿದ್ದರು. ನಿಮ್ಮದೂ ಅದೇ ಕಥೆ ಎಂದಾಯಿತು. ಆದರೆ ನನ್ನ ಸಂಶಯ ಮೂಲಭೂತವಾದದ್ದು. ಬರಿಯ ಗಾಳಿಯಿಂದ ಹೊರಟ ಗುಂಡು, ಕೋರೆ ಬಂದ ಗಂಡು ಹಂದಿಯ ಭುಜವನ್ನು ದಾಟುತ್ತದೆಯೇ? ಆ ಭಾಗದ ಚರ್ಮದ ಗಡಸುತನ ನಾನು ಕಂಡಿದ್ದೇನೆ, ಮಚ್ಚೇ ಜಾರುತ್ತದೆ.

ಮೆಸ್ಕೀಟ್ ಮರಸು:

ಸಂಶಯ ಸಹಜ, ನನಗೂ ಇತ್ತು. ಲೆಕ್ಕ ಸುಲಭವಾಗಿದೆ: ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹಿಡಿದು, ವೇಗದ ವರ್ಗದಿಂದ ಗುಣಿಸಿ, 450240ರಿಂದ ಭಾಗಿಸಿದರೆ ಅಡಿ-ಪೌಂಡ್ ಲೆಕ್ಕದಲ್ಲಿ ಶಕ್ತಿ ಸಿಗುತ್ತದೆ. 350 ಗ್ರೇನ್ ಮತ್ತು 724 ಅಡಿಗೆ ಇದು ಸುಮಾರು 407. ಮದ್ದಿನ ರೈಫಲ್ಲುಗಳು ಇದರ ನಾಲ್ಕೈದು ಪಟ್ಟು ಶಕ್ತಿ ಕೊಡುತ್ತವೆ ಎಂಬುದು ನಿಜ. ಆದರೆ ಅವು ಕೊಲ್ಲುವ ರೀತಿಯೇ ಬೇರೆ. ವೇಗದ ಗುಂಡು ಒಳಗೆ ಸಿಡಿದು ಸುತ್ತಲಿನ ಅಂಗಾಂಶವನ್ನೂ ಹರಿಯುತ್ತದೆ. ನಿಧಾನವಾದ ದಪ್ಪ ಸೀಸ ಕೊರೆದ ಹಾಗೆ ಒಂದು ತೂತು ಮಾಡಿ ಆಚೆ ಕಡೆಗೆ ಹೋಗುತ್ತದೆ, ಪ್ರಾಣಿ ಸಾಯುವುದು ಶ್ವಾಸಕೋಶ ಮತ್ತು ಹೃದಯದಿಂದ ರಕ್ತ ಹೋಗಿ. ಹಾಗಾಗಿ ಇದನ್ನು ರೈಫಲ್ಲಿಗೆ ಹೋಲಿಸುವುದಕ್ಕಿಂತ ಬಿಲ್ಲಿಗೆ ಹೋಲಿಸುವುದು ಸರಿ. ಬಿಲ್ಲುಗಾರನ ಹಾಗೆಯೇ ಹತ್ತಿರ ಹೋಗಬೇಕು, ಪಕ್ಕೆ ತಿರುಗುವವರೆಗೆ ಕಾಯಬೇಕು, ಹೊಡೆದ ಮೇಲೆ ಜಾಡು ಹಿಡಿದು ನಡೆಯಬೇಕು.

ಗಂಡಿನ ಭುಜದ ಮೇಲಿನ ಆ ಗಡಸು ಪದರವನ್ನು ಇಲ್ಲಿಯವರು ಗುರಾಣಿ ಎಂದೇ ಕರೆಯುತ್ತಾರೆ. ಐವತ್ತು ಗಜದೊಳಗೆ 350 ಗ್ರೇನ್ ಅದನ್ನು ದಾಟಿದ್ದನ್ನು ನಾನು ನೋಡಿದ್ದೇನೆ, ಅದರಾಚೆಯ ದೂರಕ್ಕೆ ಭರವಸೆ ಕೊಡಲಾರೆ. ಹಂದಿಯ ಹೃದಯ ಜಿಂಕೆಯದಕ್ಕಿಂತ ಕೆಳಗೆ ಮತ್ತು ಮುಂದೆ, ಹೆಚ್ಚುಕಡಿಮೆ ಮುಂಗಾಲಿನ ನೇರಕ್ಕೇ ಇರುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ.

ರಸಾಯನ ಮೇಷ್ಟ್ರು (ಓಹಾಯೊ):

ನನ್ನ ಬಳಿ ಇರುವುದು ಪಾಯಿಂಟ್ 357, ನಿಮ್ಮದಕ್ಕಿಂತ ಸಣ್ಣದು, ಆದರೆ ತತ್ತ್ವ ಒಂದೇ. ನಿಮ್ಮ ಎರಡನೆಯ ಸಾಲಿನಲ್ಲಿ ಎರಡನೆಯ ಈಡು ಮೊದಲನೆಯದಕ್ಕಿಂತ ವೇಗವಾಗಿ ಹೋಗಿದ್ದನ್ನು ಕೆಲವರು ತಪ್ಪು ಅಳತೆ ಎಂದುಕೊಂಡಾರು, ಅದು ತಪ್ಪಲ್ಲ. ಸಿಲಿಂಡರಿನೊಳಗಿನ ಒತ್ತಡವೇ ಕವಾಟವನ್ನು ಮುಚ್ಚಿ ಹಿಡಿದಿರುತ್ತದೆ. ಒತ್ತಡ ಹೆಚ್ಚಿದ್ದಾಗ ಸುತ್ತಿಗೆಯ ಪೆಟ್ಟಿಗೆ ಕವಾಟ ಸ್ವಲ್ಪವೇ ತೆರೆದು ಬೇಗ ಮುಚ್ಚುತ್ತದೆ. ಒತ್ತಡ ಇಳಿದಂತೆ ಹೆಚ್ಚು ಹೊತ್ತು ತೆರೆದಿರುತ್ತದೆ. ಪೆಟ್ಟು ಹದವಾಗಿದ್ದರೆ ಈ ಎರಡೂ ಒಂದನ್ನೊಂದು ಸರಿದೂಗಿಸಿ ವೇಗ ಒಂದಷ್ಟು ಈಡುಗಳವರೆಗೆ ಸಮನಾಗಿ ನಿಲ್ಲುತ್ತದೆ. ಪೆಟ್ಟು ಅತಿಯಾದರೆ ಗುಂಡು ನಳಿಗೆ ಬಿಟ್ಟ ಮೇಲೂ ಗಾಳಿ ಸುಮ್ಮನೆ ಹೊರಗೆ ಹೋಗುತ್ತಿರುತ್ತದೆ, ಕೇಳುವುದಕ್ಕೆ ಭರ್ಜರಿ ಸದ್ದು, ಉಪಯೋಗವಿಲ್ಲ.

ಪ್ರತಿ ಈಡಿಗೂ ಒಂದೇ ಒತ್ತಡ ಕೊಡುವ ನಿಯಂತ್ರಕವನ್ನೇ ಹಾಕಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಸಣ್ಣ ಬಾಯಿಯ ಕೋವಿಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಬಾಯಿಗೆ ಒಂದೇ ಸಲ ಬಹಳ ಗಾಳಿ ಬೇಕು, ನಿಯಂತ್ರಕದ ಮುಂದಿನ ಕೋಣೆ ಅಷ್ಟು ದೊಡ್ಡದಿರದಿದ್ದರೆ ಶಕ್ತಿ ಕುಸಿಯುತ್ತದೆ. ನಿಮ್ಮ ದಾರಿಯೇ ಸರಿ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಸೇರದಿದ್ದರೂ ಒಂದು ಮಾತನ್ನು ಹೇಳದೆ ಬಿಡಲಾರೆ. ಈ ಒತ್ತಡದಲ್ಲಿ ಗಾಳಿ ಇರುವ ಯಾವ ಭಾಗಕ್ಕೂ ಪೆಟ್ರೋಲಿಯಂ ಎಣ್ಣೆಯನ್ನಾಗಲಿ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಸವರಬೇಡಿ. ಗಾಳಿ ತುಂಬುವಾಗ ತಟ್ಟನೆ ಒತ್ತಿದ ಗಾಳಿ ಕಾಯುತ್ತದೆ, ಡೀಸೆಲ್ ಎಂಜಿನ್ನಿನೊಳಗೆ ಆಗುವಂತೆಯೇ ಎಣ್ಣೆ ಹೊತ್ತಿಕೊಳ್ಳಬಹುದು. ರಬ್ಬರ್ ಉಂಗುರಗಳಿಗೆ ಶುದ್ಧ ಸಿಲಿಕೋನ್ ಗ್ರೀಸ್, ಅದೂ ಬೆರಳಿಗೆ ಕಂಡೂಕಾಣದಷ್ಟು. ಆಮ್ಲಜನಕದ ಸಿಲಿಂಡರಿನಿಂದ ತುಂಬುವ ಯೋಚನೆ ಕನಸಿನಲ್ಲೂ ಬೇಡ.

ಎಡಿಸನ್ ವಾಸಿ (ನ್ಯೂಜೆರ್ಸಿ):

ಇದಕ್ಕೆ ಪರವಾನಗಿ ಬೇಡವೇ? ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಬಂದೂಕಿನ ಅಂಗಡಿಯ ಬಾಗಿಲು ದಾಟುವುದಕ್ಕೂ ಹೆದರಿಕೆ.

ಮೆಸ್ಕೀಟ್ ಮರಸು:

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆಯ ವ್ಯಾಖ್ಯೆಯಲ್ಲಿ ಬಂದೂಕು ಎಂದರೆ ಸ್ಫೋಟಕದ ಬಲದಿಂದ ಗುಂಡು ಹೊರಡಿಸುವ ಆಯುಧ. ಗಾಳಿ ಸ್ಫೋಟಕವಲ್ಲವಾದ್ದರಿಂದ ಒಕ್ಕೂಟದ ಕಾನೂನು ಇದನ್ನು ಬಂದೂಕೆಂದು ಎಣಿಸುವುದಿಲ್ಲ. ಟೆಕ್ಸಸ್‌ನಲ್ಲಿ ನನ್ನ ಮನೆ ಬಾಗಿಲಿಗೇ ಪಾರ್ಸೆಲ್ ಬಂತು. ಆದರೆ ನಿಮ್ಮ ರಾಜ್ಯದ ಮಾತು ಬೇರೆ. ನ್ಯೂಜೆರ್ಸಿಯ ಕಾನೂನು ಗಾಳಿಕೋವಿಯನ್ನೂ ಬಂದೂಕಿನ ಸಾಲಿಗೇ ಸೇರಿಸುತ್ತದೆ, ಕೊಳ್ಳಲು ಬಂದೂಕು ಖರೀದಿದಾರರ ಗುರುತಿನ ಚೀಟಿ ಬೇಕು. ತಾತ್ಕಾಲಿಕ ವೀಸಾದವರು ನಿಜವಾದ ಬಂದೂಕು ಇಟ್ಟುಕೊಳ್ಳುವುದನ್ನು ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಯಾವುದಾದರೊಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ವಕೀಲರನ್ನು ಕೇಳದೆ ಏನನ್ನೂ ಕೊಳ್ಳುತ್ತಿರಲಿಲ್ಲ.

ಬೇಟೆಯ ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್ 2018ರಲ್ಲಿ ಜಿಂಕೆಯಂಥ ಪ್ರಾಣಿಗಳಿಗೆ ಗಾಳಿಕೋವಿಯನ್ನು ಒಪ್ಪಿತು. ಮೊದಲೇ ಗಾಳಿ ತುಂಬಿಟ್ಟ ಬಗೆಯದ್ದಾಗಿರಬೇಕು, ಅಳತೆ ಪಾಯಿಂಟ್ 30ಕ್ಕಿಂತ ಕಡಿಮೆ ಇರಬಾರದು, 150 ಗ್ರೇನ್ ಗುಂಡು ಸೆಕೆಂಡಿಗೆ 800 ಅಡಿ ಹೋಗಬೇಕು, ಇಲ್ಲವೇ ತೂಕ ಮತ್ತು ವೇಗ ಸೇರಿ 215 ಅಡಿ-ಪೌಂಡ್ ಆದರೂ ಬರಬೇಕು. ಕಾಡುಹಂದಿ ಇಲ್ಲಿ ಬೇಟೆಪ್ರಾಣಿಗಳ ಪಟ್ಟಿಯಲ್ಲೇ ಇಲ್ಲ, ಅದು ಬೆಳೆ ಹಾಳುಮಾಡುವ ಪೀಡೆ. 2019ರ ಸೆಪ್ಟೆಂಬರ್‌ನಿಂದ ಖಾಸಗಿ ಜಮೀನಿನಲ್ಲಿ, ಒಡೆಯರ ಒಪ್ಪಿಗೆ ಇದ್ದರೆ, ಅದಕ್ಕೆ ಪರವಾನಗಿಯೂ ಬೇಕಿಲ್ಲ.

ಅಡಿಕೆ ನೆರಳು:

ನಮ್ಮ ಕಡೆಯ ಕಿರಿಯರು ಇದನ್ನೋದಿ ಆಸೆಪಡುವ ಮೊದಲು ಹೇಳಿಬಿಡುತ್ತೇನೆ. ಭಾರತದ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಕೊಳ್ಳಬಹುದಾದ ಗಾಳಿಕೋವಿಯ ಮಿತಿ 20 ಜೂಲ್ ಮತ್ತು ಪಾಯಿಂಟ್ 177, ಅಂದರೆ 4.5 ಮಿಲಿಮೀಟರ್. ಇವರ ಕೋವಿ 550 ಜೂಲ್ ದಾಟುತ್ತದೆ, ಇಪ್ಪತ್ತೇಳು ಪಟ್ಟಿಗೂ ಹೆಚ್ಚು. ಅದರ ಮೇಲೆ 1972ರ ವನ್ಯಜೀವಿ ಕಾಯಿದೆ ಇದ್ದೇ ಇದೆ. ತೋಟಕ್ಕೆ ಹಂದಿ ನುಗ್ಗಿ ಎಳೆಯ ಅಡಿಕೆ ಸಸಿಯನ್ನು ಬುಡಸಮೇತ ಎಬ್ಬಿಸಿದ ಬೆಳಿಗ್ಗೆ ನನಗೂ ಕೋಪ ಬರುತ್ತದೆ, ಆದರೆ ಅದಕ್ಕೆ ಪರಿಹಾರ ಪಾರ್ಸೆಲ್ಲಿನಲ್ಲಿ ಬರುವುದಿಲ್ಲ.

ಒಂದೇ ಗುಂಡು (ಡೆನ್ವರ್):

ಒರಟಾಗಿ ಕೇಳುತ್ತಿದ್ದೇನೆ, ಕ್ಷಮೆಯಿರಲಿ. ಟೆಕ್ಸಸ್‌ನಲ್ಲಿ ಹಸಿರು ಕಾರ್ಡು ಇರುವ ಮನುಷ್ಯನಿಗೆ ಸಾಧಾರಣ ರೈಫಲ್ ಕೊಳ್ಳುವುದು ಅರ್ಧ ಗಂಟೆಯ ಕೆಲಸ. ನಿಮ್ಮ ಕೋವಿಯ ಬೆಲೆಗೆ ಎರಡು ಬರುತ್ತವೆ, ಇನ್ನೂರು ಗಜದಿಂದ ನಿಸ್ಸಂದೇಹವಾಗಿ ಕೊಲ್ಲುತ್ತವೆ. ಪ್ರಾಣಿಯ ನೋವಿನ ದೃಷ್ಟಿಯಿಂದ ನೋಡಿದರೆ ಅರೆಶಕ್ತಿಯ ಆಯುಧ ಹಿಡಿದು ಹೋಗುವುದು ಹವ್ಯಾಸಕ್ಕಾಗಿ ಹಂದಿಯ ಮೇಲೆ ಪ್ರಯೋಗ ಮಾಡಿದ ಹಾಗಲ್ಲವೇ? ಸುತ್ತಿಗೆ ಸಡಿಲಿಸಿ ಇದ್ದ ಶಕ್ತಿಯನ್ನೂ ಇಳಿಸಿದ್ದೀರಿ.

ಮೆಸ್ಕೀಟ್ ಮರಸು:

ಪ್ರಶ್ನೆ ಒರಟಲ್ಲ. ಸುತ್ತಿಗೆ ಸಡಿಲಿಸಿದ್ದು ಯಾಕೆಂದು ಹೇಳಿದರೆ ಉತ್ತರ ತಾನಾಗಿ ಬರುತ್ತದೆ, ಹೇಳಲು ನನಗೆ ನಾಚಿಕೆಯಿದ್ದರೂ.

ಕೊಂಡ ಮೊದಲ ಚಳಿಗಾಲ. ಗೆಳೆಯರೊಬ್ಬರ ಜಮೀನು, ಓಕ್ ಮರದ ಕೆಳಗೆ ಜೋಳ ಉದುರಿಸುವ ಡಬ್ಬಿ, ಅದರಿಂದ ಐವತ್ತು ಗಜ ದೂರದಲ್ಲಿ ಮೆಸ್ಕೀಟ್ ಪೊದೆಯ ಹಿಂದೆ ನಾನು ಅಡಗಿ ಕೂರುವ ಮರಸು. ಆಗ ಸುತ್ತಿಗೆ ಪೂರ್ತಿ ಬಿಗಿ, ಶಕ್ತಿ 435 ಅಡಿ-ಪೌಂಡ್, ಮನಸ್ಸಿನಲ್ಲಿ ಅದರದೇ ಹೆಮ್ಮೆ. ಸಂಜೆ ಬೆಳಕಿರುವಾಗಲೇ ಗುರಿ ಸರಿಯಾಗಿದೆಯೇ ಎಂದು ಮಣ್ಣಿನ ದಿಬ್ಬಕ್ಕೆ ಎರಡು ಈಡು ಹೊಡೆದೆ, ಎರಡೂ ನೆಟ್ಟಗೆ ಹೋದವು. ಗಾಳಿ ಮತ್ತೆ ತುಂಬಲಿಲ್ಲ. ಒತ್ತಡದ ಮುಳ್ಳು ಹಸಿರು ಭಾಗದಲ್ಲೇ ಇತ್ತು, ಸಾಕೆಂದುಕೊಂಡೆ.

ಕತ್ತಲಾಗುವ ಹೊತ್ತಿಗೆ ಹೆಣ್ಣು ಹಂದಿಯೊಂದು ಜೋಳದ ಹತ್ತಿರ ಬಾರದೆ, ಬೇಲಿಯ ಅಂಚಿಗೆ, ದೂರಮಾಪಕದಲ್ಲಿ 92 ಗಜಕ್ಕೆ ನಿಂತಿತು. ಐವತ್ತು ಗಜಕ್ಕೆ ಗುರಿ ಕಟ್ಟಿದ ಈ ಕೋವಿಯಲ್ಲಿ, ಮೊದಲ ಈಡಿನ ವೇಗಕ್ಕೇ, ನೂರು ಗಜದಲ್ಲಿ ಗುಂಡು ಹದಿನಾರು ಅಂಗುಲದಷ್ಟು ಕೆಳಗೆ ಬೀಳುತ್ತದೆ. ಆ ಲೆಕ್ಕ ನನಗೆ ಬಾಯಿಪಾಠವಾಗಿತ್ತು, ಅಷ್ಟು ಎತ್ತರಿಸಿ ಹಿಡಿದೆ. ಮರೆತದ್ದು ಇದು ಮೂರನೆಯ ಈಡು ಎಂಬುದನ್ನು. 748 ಅಲ್ಲ, 676. ಆ ವ್ಯತ್ಯಾಸಕ್ಕೆ ಅಷ್ಟು ದೂರದಲ್ಲಿ ಇನ್ನೂ ಆರೇಳು ಅಂಗುಲ ಕೆಳಗೆ. ಹೊಡೆತದ ಸದ್ದು ಕೇಳಿಸಿತು, ಒದ್ದೆ ಗೋಣಿಗೆ ದೊಣ್ಣೆ ಬಿದ್ದ ಹಾಗೆ, ಹಂದಿ ಮುಂಗಾಲೊಂದನ್ನು ಎಳೆದುಕೊಂಡು ಬೇಲಿಯಡಿ ನುಸುಳಿತು. ರಾತ್ರಿ ಹನ್ನೊಂದರವರೆಗೆ ಟಾರ್ಚ್ ಹಿಡಿದು ಹುಡುಕಿದೆವು. ಅಲ್ಲೊಂದು ಇಲ್ಲೊಂದು ಹನಿ, ಮೂಳೆಯ ಒಂದು ಚೂರು, ಆಮೇಲೆ ಏನೂ ಇಲ್ಲ. ಮರುದಿನ ಬೆಳಿಗ್ಗೆ ಗೆಳೆಯರು ತಮ್ಮ ನಾಯಿಯನ್ನೂ ತಂದರು. ಸಿಗಲಿಲ್ಲ.

ಆದ್ದರಿಂದ ಒಂದೇ ಗುಂಡು ಅವರೇ, ಆ ಹಂದಿಗೆ ಶಕ್ತಿ ಕಡಿಮೆಯಾಗಿರಲಿಲ್ಲ. ಮೂರನೆಯ ಈಡಿನಲ್ಲೂ 355 ಅಡಿ-ಪೌಂಡ್ ಇತ್ತು, ಶ್ವಾಸಕೋಶಕ್ಕೆ ಬಿದ್ದಿದ್ದರೆ ಧಾರಾಳವಾಗಿ ಸಾಕಿತ್ತು. ಕೊನೆಯ ಮೂವತ್ತು ಅಡಿ-ಪೌಂಡಿನ ಆಸೆಗೆ ನಾನು ಪ್ರತಿ ಈಡೂ ಬೇರೆ ಜಾಗಕ್ಕೆ ಹೋಗುವ ಕೋವಿಯನ್ನು ಹಿಡಿದು ಕುಳಿತಿದ್ದೆ. ಅಂದಿನಿಂದ ಸುತ್ತಿಗೆ ಸಡಿಲ, ಐವತ್ತು ಗಜಕ್ಕೆ ಮೇಲೆ ಹೊಡೆಯುವುದಿಲ್ಲ, ಪರೀಕ್ಷೆಗೆಂದು ಒಂದು ಈಡು ಹಾರಿಸಿದರೂ ಮತ್ತೆ 3000ಕ್ಕೆ ತುಂಬಿಯೇ ಮರಸಿಗೆ ಹೋಗುತ್ತೇನೆ.

ರೈಫಲ್ ಯಾಕಲ್ಲ ಎಂಬುದಕ್ಕೆ: ಆ ಜಮೀನಿನ ಎರಡು ಬದಿಗೆ ಮನೆಗಳಿವೆ, ನಡುವೆ ಪಕ್ಕದವರ ದನ. ಗೆಳೆಯರೇ ರೈಫಲ್ ಬೇಡವೆಂದಿದ್ದಾರೆ. ಹಾಗೆಂದು ಈ ಗುಂಡು ಹತ್ತಿರವೇ ಬಿದ್ದುಬಿಡುತ್ತದೆಂದು ಯಾರೂ ತಿಳಿಯಬಾರದು, ಮೇಲಕ್ಕೆತ್ತಿ ಹೊಡೆದರೆ ಇದೂ ಒಂದು ಮೈಲಿಗಿಂತ ಹೆಚ್ಚು ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬವಿಲ್ಲದ ಕಡೆಗೆ ನಾನು ಕೋವಿ ತಿರುಗಿಸುವುದಿಲ್ಲ.

ಒಂದೇ ಗುಂಡು:

ಇಷ್ಟು ಬಿಚ್ಚಿ ಹೇಳಿದ್ದಕ್ಕೆ ವಂದನೆ. ರೈಫಲ್ಲಿನವರೂ ಹಂದಿ ಕಳೆದುಕೊಳ್ಳುತ್ತೇವೆ, ಹೇಳುವುದಿಲ್ಲ ಅಷ್ಟೇ. ಐವತ್ತು ಗಜದ ಗೆರೆಯನ್ನು ಒಪ್ಪುತ್ತೇನೆ. ಹವ್ಯಾಸದ ಮಾತನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಹಳೆಯ ನಕ್ಷೆ (ಪಿಟ್ಸ್‌ಬರ್ಗ್):

ಗುರಿ ಪರೀಕ್ಷೆಯ ಮಾತು ಬಂದದ್ದರಿಂದ ನಮ್ಮೂರಿನ ಒಂದು ಪ್ರಸಂಗ. ಬೇಟೆಗೂ ಯುದ್ಧಕ್ಕೂ ಗಾಳಿಕೋವಿ ಬಳಸುವುದು ಹೊಸತಲ್ಲ. ಟಿರೋಲ್ ಪ್ರಾಂತ್ಯದ ಜಿರಾಂಡೋನಿ ಎಂಬಾತ ರೂಪಿಸಿದ, ಇಪ್ಪತ್ತರಷ್ಟು ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಬಲ್ಲ ಗಾಳಿಕೋವಿ ಹದಿನೆಂಟನೆಯ ಶತಮಾನದ ಕೊನೆಗೇ ಆಸ್ಟ್ರಿಯಾದ ಸೈನ್ಯದಲ್ಲಿತ್ತು. ಅದರ ಹಿಡಿಯೂ ಗಾಳಿಯ ಬುರುಡೆಯೇ, ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಿತ್ತಂತೆ. ಅಮೆರಿಕದ ಪಶ್ಚಿಮವನ್ನು ಅಳೆಯಹೊರಟ ಮೆರಿವೆದರ್ ಲೂಯಿಸ್ ಕೂಡ ಒಂದು ಗಾಳಿಕೋವಿಯನ್ನು ಒಯ್ದಿದ್ದ. 1803ರ ಆಗಸ್ಟ್ ಕೊನೆಯಲ್ಲಿ ಪಿಟ್ಸ್‌ಬರ್ಗ್ ಬಿಟ್ಟ ಮೊದಲ ದಿನವೇ, ಹತ್ತಿರದ ದ್ವೀಪದಲ್ಲಿ ಅದನ್ನು ಹೊಡೆದು ತೋರಿಸಿ, ನೋಡಲು ಬಂದವನೊಬ್ಬನ ಕೈಗೆ ಕೊಟ್ಟ. ಅರಿಯದ ಆ ಕೈಯಲ್ಲಿ ಅದು ಹಾರಿ, ನಲವತ್ತು ಗಜ ದೂರವಿದ್ದ ಹೆಂಗಸೊಬ್ಬಳ ಕಣತಲೆಯನ್ನು ಸವರಿಕೊಂಡು ಹೋಯಿತು. ಸತ್ತೇಹೋದಳೆಂದು ಎಲ್ಲರೂ ಗಾಬರಿಯಾದರು, ಗಾಯ ಮೇಲುಮೇಲಿನದೆಂದು ಆಮೇಲೆ ತಿಳಿಯಿತು. ಪ್ರಯಾಣದ ದಿನಚರಿಯ ಮೊದಲ ದಿನದ ಬರಹದಲ್ಲೇ ಲೂಯಿಸ್ ಇದನ್ನು ದಾಖಲಿಸಿದ್ದಾನೆ.

ರಸಾಯನ ಮೇಷ್ಟ್ರು:

ಇದೇ ಕಾರಣಕ್ಕೆ ನಾನು ಅತಿಥಿಗಳಿಗೆ ಕೋವಿ ತೋರಿಸುವಾಗ ಗಾಳಿ ಖಾಲಿ ಮಾಡಿರುತ್ತೇನೆ. ಮರಸು ಅವರೇ, ಗುಂಡಿನ ವಿಷಯ ಬರೆಯಲಿಲ್ಲ. ನೀವೇ ಎರೆಯುತ್ತೀರಾ, ಕೊಳ್ಳುತ್ತೀರಾ? ಗಾಳಿ ಎಲ್ಲಿ ತುಂಬಿಸುತ್ತೀರಿ?

ಮೆಸ್ಕೀಟ್ ಮರಸು:

ಮೊದಲು ಕೊಳ್ಳುತ್ತಿದ್ದೆ. ಹೆಚ್ಚು ತೂಕ ಹೆಚ್ಚು ಶಕ್ತಿ ಎಂಬ ಭ್ರಮೆಯಲ್ಲಿ ಉದ್ದನೆಯ ಭಾರದ ಗುಂಡುಗಳನ್ನು ತರಿಸಿದೆ. ಐವತ್ತು ಗಜದ ಕಾಗದದ ಮೇಲೆ ತೂತು ದುಂಡಗಿರದೆ ಬೀಗದ ಕೈಯ ತೂತಿನ ಹಾಗೆ ಉದ್ದುದ್ದ ಬಂತು: ನನ್ನ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೆರೆಗಳ ತಿರುಪು ಆ ಉದ್ದಕ್ಕೆ ಸಾಲದೆ ಗುಂಡು ಗಾಳಿಯಲ್ಲೇ ಹೊರಳುತ್ತಿತ್ತು. ಮೆತ್ತನೆಯ ಸೀಸದ ಉಂಡೆಯೊಂದನ್ನು ನಳಿಗೆಯೊಳಗೆ ತಳ್ಳಿ ಹೊರತೆಗೆದು ಅಳೆದು, ಅದಕ್ಕೆ ಒಪ್ಪುವ ಅಚ್ಚನ್ನು ತರಿಸಿಕೊಂಡ ಮೇಲೆ ಈಗ ಶುದ್ಧ ಸೀಸದಲ್ಲಿ ನಾನೇ ಎರೆಯುತ್ತೇನೆ, ಎರಕವೆಲ್ಲ ಮನೆಯ ಹೊರಗೆ, ಮಕ್ಕಳು ಸುಳಿಯದ ಕಡೆ. ಒಂದೊಂದನ್ನೂ ತೂಗಿ, 348ರಿಂದ 352 ಗ್ರೇನ್ ಒಳಗೆ ಬರದದ್ದನ್ನು ಮತ್ತೆ ಕರಗಿಸುವ ಬಾಂಡಲಿಗೆ ಹಾಕುತ್ತೇನೆ.

ಗಾಳಿಗೆ 4500 ಪಿಎಸ್‌ಐನ ಕಾರ್ಬನ್ ಫೈಬರ್ ಸಿಲಿಂಡರ್ ಇದೆ. ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಮುಳುಗುಗಾರರ ಅಂಗಡಿಯೊಂದಕ್ಕೆ ಒಯ್ದಾಗ ಅಲ್ಲಿನ ಹುಡುಗ ಪಟ್ಟಿಯ ಮೇಲಿನ ತಾರೀಖನ್ನು ಹೆಬ್ಬೆರಳಿನಿಂದ ಉಜ್ಜಿ ಓದಿ, ವಾಪಸು ನನ್ನ ಕೈಗಿಟ್ಟ. ಐದು ವರ್ಷಕ್ಕೊಮ್ಮೆ ಆಗಬೇಕಾದ ನೀರಿನ ಒತ್ತಡದ ಪರೀಕ್ಷೆ ಆಗಿರಲಿಲ್ಲ, ಅದಿರಲಿ, ಸಿಲಿಂಡರಿನ ಹದಿನೈದು ವರ್ಷದ ಆಯಸ್ಸೇ ಮುಗಿಯಲು ಎಂಟು ತಿಂಗಳು ಬಾಕಿಯಿತ್ತು. ಅದು ಈಗ ಗ್ಯಾರೇಜಿನಲ್ಲಿ ಕವಾಟ ಬಿಚ್ಚಿಸಿಕೊಂಡು ಛತ್ರಿಗಳನ್ನು ಹಿಡಿದುಕೊಂಡಿದೆ. ಹೊಸದನ್ನು ಕೊಂಡೆ.

ಅಡಿಕೆ ನೆರಳು:

ಭುಜ ದಾಟಿದ್ದನ್ನು ನೋಡಿದ್ದೇನೆ ಎಂದಿರಿ. ಆ ಕಥೆ ಬಾಕಿ ಉಳಿಯಿತು.

ಮೆಸ್ಕೀಟ್ ಮರಸು:

ಕಳೆದ ಫೆಬ್ರವರಿ. ಅದೇ ಓಕ್ ಮರ, 41 ಗಜ, ಗಂಡು. ಬಂದು ಇಪ್ಪತ್ತು ನಿಮಿಷ ನನ್ನ ಕಡೆಗೇ ಮುಖ ಮಾಡಿ ಜೋಳ ತಿಂದಿತು, ನಾನು ಕುದುರೆಯ ಮೇಲೆ ಬೆರಳಿಡಲಿಲ್ಲ. ಕೊನೆಗೆ ಇನ್ನೊಂದು ಹಂದಿಯನ್ನು ಓಡಿಸಲು ಅಡ್ಡ ತಿರುಗಿತು. ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಹಿಡಿದು ಹೊಡೆದೆ. ಅರವತ್ತು ಹೆಜ್ಜೆ ಓಡಿ ಬಿತ್ತು. ಗುಂಡು ಈ ಬದಿಯ ಗುರಾಣಿ, ಎರಡು ಪಕ್ಕೆಲುಬು, ಎರಡೂ ಶ್ವಾಸಕೋಶ ದಾಟಿ ಆ ಬದಿಯ ಚರ್ಮದಡಿ ನಿಂತಿತ್ತು. ಕೈಯಿಂದ ಸವರಿದರೆ ಹುಣಸೆ ಬೀಜದಂತೆ ಸಿಗುತ್ತಿತ್ತು. ಕೊಯ್ದು ತೆಗೆದು ತೊಳೆದು ತೂಗಿದೆ. 341 ಗ್ರೇನ್.

ಅಡಿಕೆ ನೆರಳು:

ಅಂದರೆ ಕಳೆದದ್ದು ಒಂಬತ್ತು ಗ್ರೇನ್. ಮಾಂಸ ಮಾಡುವಾಗ ಆ ಜಾಡಿನ ಸುತ್ತ ಒಂದು ಗೇಣು ಬಿಟ್ಟು ಕೊಯ್ದಿರಿ ತಾನೆ, ಸೀಸ ಅಲ್ಲಿರುತ್ತದೆ.

ಮೆಸ್ಕೀಟ್ ಮರಸು:

ಎರಡು ಗೇಣು ಬಿಟ್ಟೆವು.